ಹಾರ-ಶಾಲಿಗೆ ಬೇಡ, ಬಸ್ ಚಾರ್ಜಿಗೆ ಕೇಳಿ

ಜುಲೈ ಬಂತೆಂದರೆ ಪದವಿ ಕಾಲೇಜುಗಳ ಅಧ್ಯಾಪಕರಿಂದ ನನಗೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ‘ಈ ವರ್ಷ ನಮ್ಮ ವಿದ್ಯಾರ್ಥಿಗಳಿಂದ ಏನಾದರೂ ಪರಿಸರದ ಕೆಲಸ ಮಾಡಿಸಬೇಕು ಅಂತಿದ್ದೇವೆ ಸಾರ್, ಎಲ್ಲಾದರೂ ಅನುದಾನ ಸಿಗುತ್ತದೆಯೇ, ಅರ್ಜಿ ಹೇಗೆ ಬರೆಯಬೇಕು?’ ಕೆಲವರು ಅರ್ಜಿಯ ಕರಡನ್ನೂ ಜೊತೆಗಿಟ್ಟು ಕಳಿಸುತ್ತಾರೆ. ಅದರ ಮೊದಲ ಪುಟದಲ್ಲಿ ಓಝೋನ್ ಪದರ, ಕರಗುವ ಹಿಮನದಿ, ಏರುವ ಕಡಲು ಎಲ್ಲ ಇರುತ್ತವೆ. ಕಾಲೇಜಿನ ಪಕ್ಕದ ಕೆರೆಯ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ಕೊನೆಯ ಪುಟದಲ್ಲಿ ಖರ್ಚಿನ ಪಟ್ಟಿ: ಎರಡು ದಿನದ ವಿಚಾರ ಸಂಕಿರಣ, ಶಾಮಿಯಾನ, ಫ್ಲೆಕ್ಸು, ಅತಿಥಿಗಳಿಗೆ ಹಾರ-ಶಾಲು-ನೆನಪಿನ ಕಾಣಿಕೆ, ಊಟ, ಒಂದು ಲ್ಯಾಪ್‌ಟಾಪು. ಒಟ್ಟು ಮೂರು ಲಕ್ಷ ರೂಪಾಯಿ.

ಹಣ ಎಲ್ಲೆಲ್ಲಿದೆ ಎಂದು ಹೇಳುವುದು ಕಷ್ಟವೇನಲ್ಲ, ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಯಾವುದಕ್ಕೆ ಕೇಳಬೇಕು ಎಂಬುದು ಇತ್ಯರ್ಥವಾಗಬೇಕು. ನನ್ನ ಲೆಕ್ಕದಲ್ಲಿ ಸಣ್ಣ ಅನುದಾನವೆಂದರೆ 10,000ದಿಂದ 50,000 ರೂಪಾಯಿ. ಅದಕ್ಕಿಂತ ಕಡಿಮೆಯದನ್ನು ಊರಿನಲ್ಲೇ ಎತ್ತಬಹುದು. ಅದಕ್ಕಿಂತ ಹೆಚ್ಚಿನದು ಸಂಶೋಧನಾ ಯೋಜನೆಯಾಗುತ್ತದೆ, ಅದರ ದಾರಿಯೇ ಬೇರೆ. ಇಷ್ಟು ಸಣ್ಣ ಮೊತ್ತದಲ್ಲಿ ‘ಜಾಗೃತಿ ಮೂಡಿಸಲು’ ಹೊರಟರೆ ಅದು ಒಂದು ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಕರಗಿಹೋಗುತ್ತದೆ. ಅದೇ ಹಣದಲ್ಲಿ ಮೂವತ್ತು ಹುಡುಗ ಹುಡುಗಿಯರು ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗಿ ಏನನ್ನಾದರೂ ಅಳೆದರೆ, ಎಣಿಸಿದರೆ, ತೂಗಿದರೆ, ಊರಿಗೆ ಅಲ್ಲಿಯವರೆಗೆ ಗೊತ್ತಿಲ್ಲದ ಒಂದು ಸಂಗತಿ ಗೊತ್ತಾಗುತ್ತದೆ. ಆದ್ದರಿಂದ ಸಮಾರಂಭಕ್ಕೆ ಹಣ ಕೇಳಬೇಡಿ, ಪತ್ತೆ ಹಚ್ಚುವುದಕ್ಕೆ ಕೇಳಿ ಎನ್ನುವುದೇ ಈ ಪತ್ರಗಳಿಗೆಲ್ಲ ನನ್ನ ಉತ್ತರ.

ಕಾಲೇಜುಗಳಲ್ಲಿ ಈ ಬೇಡಿಕೆ ಎಲ್ಲಿಂದ ಹುಟ್ಟಿತು ಎಂದು ನೋಡಿದರೆ ಕಥೆ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1991ರ ನವೆಂಬರ್ 22ರಂದು ಕೋರ್ಟು, ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡು ತೋರಿಸಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂದು ಹೇಳಿತು. ಸ್ಲೈಡುಗಳು ಬಂದು ಹೋದವು. ಪಠ್ಯ ಬರಲು ಮಾತ್ರ ಹನ್ನೆರಡು ವರ್ಷ ಹಿಡಿಯಿತು, ಅದೂ ಕೋರ್ಟು ಮತ್ತೆ ಕಣ್ಣು ಕೆಂಪಗೆ ಮಾಡಿದ ಮೇಲೆ. ಆಗ ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯಕ್ರಮ ರೂಪಿಸಿತು. ಎಂಟು ಘಟಕ, ಐವತ್ತು ತರಗತಿ. ಅದರ ಎಂಟನೆಯ ಘಟಕವೇ ಕ್ಷೇತ್ರಕಾರ್ಯ. ಹತ್ತಿರದ ನದಿ, ಕಾಡು, ಹುಲ್ಲುಗಾವಲು, ಗುಡ್ಡ ಯಾವುದಾದರೊಂದನ್ನು ನೋಡಿ ದಾಖಲಿಸುವುದು, ಮಲಿನವಾದ ಒಂದು ಜಾಗಕ್ಕೆ ಹೋಗಿ ಬರುವುದು, ಸುತ್ತಲಿನ ಗಿಡ-ಕೀಟ-ಹಕ್ಕಿಗಳನ್ನು ಗುರುತಿಸುವುದು. ನೂರು ಅಂಕದಲ್ಲಿ 25 ಇದಕ್ಕೇ ಮೀಸಲಿಟ್ಟಿದ್ದರು.

ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಬಸ್ಸಿನ ಹಣ ಯಾರು ಕೊಡಬೇಕು ಎಂದು ಯಾರೂ ಬರೆಯಲಿಲ್ಲ. ಆ ಪಾಠವೂ ಎಷ್ಟೋ ಕಡೆ ಬೀಳುವುದು ವರ್ಕ್‌ಲೋಡ್ ಕಡಿಮೆ ಇರುವ ಅಧ್ಯಾಪಕರ ಪಾಲಿಗೆ ಅಥವಾ ಅತಿಥಿ ಉಪನ್ಯಾಸಕರ ಪಾಲಿಗೆ. ವಾಣಿಜ್ಯಶಾಸ್ತ್ರದವರು, ಚರಿತ್ರೆಯವರು, ಕೆಲವೊಮ್ಮೆ ಕನ್ನಡ ಮೇಷ್ಟ್ರೂ ಜೀವವೈವಿಧ್ಯದ ಪಾಠ ಮಾಡುತ್ತಿರುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಆಸಕ್ತಿಯಿರುವ ಚರಿತ್ರೆ ಮೇಷ್ಟ್ರು ಕೆರೆಯ ಶಾಸನದಿಂದ ಕೆರೆಯ ಹೂಳಿನವರೆಗೆ ಪಾಠ ಎಳೆದುಕೊಂಡು ಹೋಗಬಲ್ಲರು. ಆದರೆ ನೂರೈವತ್ತು ಮಕ್ಕಳ ತರಗತಿಯನ್ನು ಒಂದು ಕೆರೆಯ ದಂಡೆಗೆ ಕರೆದೊಯ್ಯಲು ಅವರ ಕೈಯಲ್ಲಿ ಬಿಡಿಗಾಸೂ ಇರುವುದಿಲ್ಲ. ಕೊನೆಗೆ ಆ 25 ಅಂಕ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇತ್ಯರ್ಥವಾಗುತ್ತದೆ. ‘ಪರಿಸರ ಪ್ರಾಜೆಕ್ಟ್’ ಎಂದರೆ ಸಾಕು, ಹೆಸರು ಮತ್ತು ರಿಜಿಸ್ಟರ್ ನಂಬರ್ ಬದಲಿಸಿ, ಸ್ಪೈರಲ್ ಬೈಂಡಿಂಗ್ ಹಾಕಿ ಕೊಡುತ್ತಾರೆ. ಕೆರೆಯನ್ನು ಕಾಣದೆಯೇ ಕೆರೆಯ ವರದಿ ಬರೆದ ಮಕ್ಕಳು ಪಾಸಾಗಿ ಹೋಗುತ್ತಾರೆ.

ಸರ್ಕಾರ ಸಣ್ಣ ಹಣವನ್ನು ಹಂಚಿಯೇ ಇಲ್ಲ ಎಂದೇನಲ್ಲ. ಕೇಂದ್ರ ಪರಿಸರ ಸಚಿವಾಲಯ 1986ರಲ್ಲೇ ರಾಷ್ಟ್ರೀಯ ಪರಿಸರ ಜಾಗೃತಿ ಆಂದೋಲನ ಎಂಬುದನ್ನು ಶುರು ಮಾಡಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಮಹಿಳಾ ಮಂಡಳಿ, ಸ್ವಯಂಸೇವಾ ಸಂಸ್ಥೆ ಎಲ್ಲರಿಗೂ ಕೆಲವು ಸಾವಿರ ರೂಪಾಯಿಗಳಂತೆ ಕೊಡುತ್ತ ಬಂತು. ಮುಂದೆ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು. ಜಿಲ್ಲೆಗೆ ಹೆಚ್ಚೆಂದರೆ 250 ಶಾಲೆಗಳಲ್ಲಿ ಇಕೋ ಕ್ಲಬ್. ಒಂದೊಂದಕ್ಕೆ ವರ್ಷಕ್ಕೆ ಮೊದಲು ತೀರ ಸಣ್ಣ ಮೊತ್ತ, ಆಮೇಲೆ 5,000 ರೂಪಾಯಿ. ಈ ಹಣದಲ್ಲಿ ಆದದ್ದನ್ನು ನಾವೆಲ್ಲ ಕಂಡವರೇ. ಜಾಥಾ, ಘೋಷಣೆ, ಪ್ರಬಂಧ ಸ್ಪರ್ಧೆ, ಚಿತ್ರಕಲಾ ಸ್ಪರ್ಧೆ, ಜೂನ್ 5ರಂದು ಗಿಡ ನೆಡುವ ಫೋಟೊ. ಮರುವರ್ಷ ಅದೇ ಗುಂಡಿ, ಹೊಸ ಗಿಡ, ಹೊಸ ಅತಿಥಿ. ಇದರ ನಡುವೆಯೂ ಎರೆಗೊಬ್ಬರದ ತೊಟ್ಟಿ ಕಟ್ಟಿಸಿದವರು, ಮಳೆನೀರಿನ ಕೊಯ್ಲು ಮಾಡಿದವರು ಇದ್ದರು. ಭಾಷಣದ ಜೊತೆಗೆ ಏನಾದರೊಂದು ಕೆಲಸವನ್ನೂ ಮಾಡಿ ತೋರಿಸಬೇಕು ಎಂದು ಜಾಗೃತಿ ಆಂದೋಲನದ ನಿಯಮ ಕೇಳತೊಡಗಿದ ಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿತು. ಆದರೂ ನನಗನಿಸುವುದು, ಹಣ ಕೊಡುವವರು ‘ಎಷ್ಟು ಜನ ಸೇರಿದ್ದರು’ ಎಂದು ಕೇಳುವವರೆಗೆ ಪಡೆಯುವವರು ಜನ ಸೇರಿಸುತ್ತಲೇ ಇರುತ್ತಾರೆ.

ಸಣ್ಣ ಮೊತ್ತದ ಬೆಲೆಯನ್ನು ಕಾನೂನಿನಲ್ಲೇ ಬರೆದಿಟ್ಟ ಒಂದು ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ 1990ರ ರಾಷ್ಟ್ರೀಯ ಪರಿಸರ ಶಿಕ್ಷಣ ಕಾಯ್ದೆ, ಕಾಲೇಜು, ವಿಶ್ವವಿದ್ಯಾಲಯ, ಸ್ಥಳೀಯ ಶಿಕ್ಷಣ ಸಂಸ್ಥೆಗಳಿಗೆ ಅನುದಾನ ಕೊಡಲು ಅಲ್ಲಿನ ಪರಿಸರ ಸಂರಕ್ಷಣಾ ಏಜೆನ್ಸಿಗೆ ಅಧಿಕಾರ ಕೊಟ್ಟಿತು. ಹಣ ಹೋಗತೊಡಗಿದ್ದು 1992ರಿಂದ. ಒಂದು ವರ್ಷ ಮಂಜೂರಾಗುವ ಅನುದಾನದ ನಾಲ್ಕನೇ ಒಂದು ಭಾಗ 5,000 ಡಾಲರ್ ಮೀರದ ಸಣ್ಣ ಅನುದಾನಗಳಾಗಿಯೇ ಹೋಗಬೇಕು ಎಂಬ ಷರತ್ತು ಆ ಕಾಯ್ದೆಯಲ್ಲೇ ಇತ್ತು. ಹಾಗೆ ಬರೆಯದಿದ್ದರೆ ದೊಡ್ಡ ವಿಶ್ವವಿದ್ಯಾಲಯಗಳು ಇಡೀ ಗಂಟನ್ನು ಎತ್ತಿಕೊಂಡು ಹೋಗುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅರ್ಜಿ ಬರೆಯಲೆಂದೇ ಸಿಬ್ಬಂದಿ ಇಟ್ಟುಕೊಂಡವರ ಎದುರು ಒಬ್ಬಂಟಿ ಅಧ್ಯಾಪಕಿ ಗೆಲ್ಲುವುದು ಯಾವ ದೇಶದಲ್ಲೂ ಕಷ್ಟ. ನಮ್ಮ ರಾಜ್ಯದ ವಿಜ್ಞಾನ ಮತ್ತು ಪರಿಸರ ಇಲಾಖೆಗಳ ಬಜೆಟ್ಟಿನಲ್ಲೂ ಇಂಥದೊಂದು ಸಾಲು ಬಂದರೆ ತಾಲ್ಲೂಕು ಮಟ್ಟದ ಪ್ರಥಮ ದರ್ಜೆ ಕಾಲೇಜುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಪದವಿ ಕಾಲೇಜಿನವರಿಂದ ಏನಾದೀತು ಎಂದು ಮೂಗು ಮುರಿಯುವವರಿಗೆ ನಾನು ನೆನಪಿಸುವುದು ಪಶ್ಚಿಮ ಘಟ್ಟದ ಒಂದು ಪ್ರಯೋಗವನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದ ಮಾಧವ ಗಾಡ್ಗೀಳ್ 1990ರ ದಶಕದಲ್ಲಿ ಘಟ್ಟದುದ್ದದ ಕಾಲೇಜುಗಳ ಅಧ್ಯಾಪಕರನ್ನು ಸೇರಿಸಿ ಜೀವವೈವಿಧ್ಯದ ದಾಖಲೆಗೆ ಒಂದು ಜಾಲ ಕಟ್ಟಿದರು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಈ ಮೇಷ್ಟ್ರುಗಳು ತಮ್ಮ ವಿದ್ಯಾರ್ಥಿಗಳ ಜೊತೆ ತಮ್ಮದೇ ಊರಿನ ಸುತ್ತ ಮರ, ಹಕ್ಕಿ, ಚಿಟ್ಟೆ, ಮೀನು, ಕಪ್ಪೆಗಳನ್ನು ಒಂದೇ ವಿಧಾನದಲ್ಲಿ ಎಣಿಸಿದರು. ವಿಧಾನ ಒಂದೇ ಆಗಿದ್ದರಿಂದ ಒಂದೂರಿನ ಲೆಕ್ಕವನ್ನು ಇನ್ನೊಂದೂರಿನದರ ಜೊತೆ ಇಟ್ಟು ನೋಡಬಹುದಾಗಿತ್ತು. ಇದು ಸಣ್ಣ ಮಾತಲ್ಲ. ಒಬ್ಬ ಮಹಾ ವಿಜ್ಞಾನಿ ಎಷ್ಟೇ ಓಡಾಡಿದರೂ ಘಟ್ಟದ ಅಷ್ಟು ಮೂಲೆಗಳಲ್ಲಿ ಏಕಕಾಲಕ್ಕೆ ಇರಲು ಸಾಧ್ಯವಿಲ್ಲ. ಕಾಲೇಜು ಅಧ್ಯಾಪಕರಾದರೋ ಅಲ್ಲೇ ಮನೆ ಮಾಡಿಕೊಂಡಿದ್ದವರು.

ಇದರ ಬೆನ್ನಿಗೇ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಅದೇ ಕೇಂದ್ರ ಸೇರಿ ‘ಲೈಫ್‌ಸ್ಕೇಪ್’ ಯೋಜನೆ ಹಾಕಿಕೊಂಡವು. ಹೈಸ್ಕೂಲು, ಕಾಲೇಜಿನವರು ಕೈಯಲ್ಲಿ ಹಿಡಿದು ಹೊಲ-ಕಾಡು ತಿರುಗಬಹುದಾದ ಪುಸ್ತಕಗಳನ್ನು ತರುವುದು ಉದ್ದೇಶ. ಕೃಷ್ಣಮೇಘ ಕುಂಟೆ ಬರೆದ ಪರ್ಯಾಯ ದ್ವೀಪ ಭಾರತದ ಚಿಟ್ಟೆಗಳ ಪುಸ್ತಕ 2000ದಲ್ಲಿ ಬಂತು, ರಂಜಿತ್ ಡೇನಿಯಲ್ಸ್ ಅವರ ಸಿಹಿನೀರಿನ ಮೀನುಗಳ ಪುಸ್ತಕ 2002ರಲ್ಲಿ. ಇಂದು ಚಿಟ್ಟೆ ಹಿಂದೆ ಹೋಗುವ ನಮ್ಮ ಹುಡುಗರಲ್ಲಿ ಬಹಳ ಜನ ಆ ಪುಸ್ತಕದ ಋಣದಲ್ಲಿದ್ದಾರೆ. ಅಂದರೆ ವಿಧಾನವಿದೆ, ಪುಸ್ತಕವಿದೆ, ಈಗಂತೂ ಕೈಯಲ್ಲಿ ಫೋನಿನ ಕ್ಯಾಮೆರಾ ಇದೆ. ಇಲ್ಲದಿರುವುದು ಓಡಾಟದ ಖರ್ಚು ಮತ್ತು ‘ಹೋಗಿ ಬನ್ನಿ’ ಎನ್ನುವ ಪ್ರಿನ್ಸಿಪಾಲರು.

ಈ ಕೆಲಸಕ್ಕೆ ಕಾಲೇಜನ್ನು ಸೇರಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ತನ್ನ ಊರಿನ ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸಬೇಕು. ವರ್ಷಗಟ್ಟಲೆ ಯಾರೂ ಮುಟ್ಟಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ್ದೇ ತಡ, ದೇಶದ ತುಂಬ ದಾಖಲಾತಿಗಳು ರಾಶಿ ಬಿದ್ದವು. ಪಕ್ಕಪಕ್ಕದ ಊರಿನ ಎರಡನ್ನು ತೆರೆದು ನೋಡಿ. ಎಷ್ಟೋ ಕಡೆ ಮರಗಳ ಪಟ್ಟಿ ಅಕ್ಷರಶಃ ಒಂದೇ. ಪಕ್ಕದ ಪದವಿ ಕಾಲೇಜಿಗೆ ಮೊದಲೇ ಇಪ್ಪತ್ತು ಸಾವಿರ ಕೊಟ್ಟು ಒಂದು ವರ್ಷ ಬಿಟ್ಟಿದ್ದರೆ ಊರಿನ ನಾಟಿ ವೈದ್ಯರ ಹೆಸರಾದರೂ ಸರಿಯಾಗಿ ದಾಖಲಾಗುತ್ತಿತ್ತು.

ಸಣ್ಣ ಹಣದಲ್ಲಿ ಏನೇನು ಮಾಡಬಹುದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಹಾಸ್ಟೆಲ್ ತಟ್ಟೆಯ ಲೆಕ್ಕ. ಬೇಕಾಗುವುದು ಒಂದು ತೂಗುವ ಸ್ಪ್ರಿಂಗ್ ತಕ್ಕಡಿ, ನಾಲ್ಕು ಬಕೆಟ್, ಕೈಗವಸು, ಒಂದು ನೋಟ್‌ಬುಕ್. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಅನ್ನ, ಸಾರು-ಪಲ್ಯ, ಮುದ್ದೆ-ಚಪಾತಿ ಎಂದು ಬೇರೆ ಮಾಡಿ ತೂಗಬೇಕು. ಅಡುಗೆಮನೆಯಲ್ಲಿ ಬಡಿಸದೆ ಉಳಿದದ್ದನ್ನು ಬೇರೆಯಾಗಿ. ಎರಡು ವಾರ ಸಾಕು. ನಾನು ನೋಡಿದ ಒಂದು ಹಾಸ್ಟೆಲಿನಲ್ಲಿ ಬೆಳಗಿನ ಉಪ್ಪಿಟ್ಟಿನ ದಿನ ಬಕೆಟ್ ತುಂಬುತ್ತಿತ್ತು. ಇದನ್ನು ತಿಳಿಯಲು ತಕ್ಕಡಿ ಬೇಕಿತ್ತೇ ಎಂದು ನೀವು ನಗಬಹುದು. ಆದರೆ ಅಡುಗೆಯವರು ‘ಹುಡುಗರಿಗೆ ಸೊಕ್ಕು’ ಎನ್ನುತ್ತಿದ್ದರು, ಹುಡುಗರು ‘ಅಣ್ಣಂಗೆ ಮಾಡಕ್ಕೆ ಬರಲ್ಲ’ ಎನ್ನುತ್ತಿದ್ದರು. ಕಿಲೋ ಲೆಕ್ಕ ನೋಟಿಸ್ ಬೋರ್ಡಿಗೆ ಬಂದಾಗ ಜಗಳ ನಿಂತು ಮಾತು ಶುರುವಾಯಿತು. ನೋಡಿದರೆ ಸಮಸ್ಯೆ ಉಪ್ಪಿಟ್ಟಿನದಲ್ಲ, ಅದು ತಣ್ಣಗಾಗಿ ಗಟ್ಟಿಯಾಗುವ ಹೊತ್ತಿಗೆ ಊಟದ ಮನೆಗೆ ಬರುವ ಎರಡನೆಯ ಪಾಳಿಯದು. ಪಾಳಿಯ ಸಮಯ ಬದಲಾಯಿತು. ಇಡೀ ಯೋಜನೆಗೆ ಆದ ಖರ್ಚು ಒಂದು ಫ್ಲೆಕ್ಸ್ ಮತ್ತು ನಾಲ್ಕು ಹಾರದ ಬೆಲೆಗಿಂತ ಹೆಚ್ಚಿರಲಿಲ್ಲ.

ಎರಡನೆಯದು ಕೆರೆ. 1865ರಲ್ಲಿ ಇಟಲಿಯ ಪಾದ್ರಿ-ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಹಡಗಿನಿಂದ ಬಿಳಿ ತಟ್ಟೆ ಇಳಿಬಿಟ್ಟ. ಕೆರೆಗಳಿಗೆ ಇಂದು ಬಳಸುವುದು 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳಿ ಕಾಲುಭಾಗಗಳ ತಟ್ಟೆ. ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಕತ್ತರಿಸಿ, ನಡುವೆ ತೂತು ಕೊರೆಸಿ, ಬಣ್ಣ ಬಳಿದು, ಗುರುತು ಹಾಕಿದ ಹಗ್ಗ ಕಟ್ಟಿದರೆ ಮುಗಿಯಿತು. ತಟ್ಟೆ ಕಣ್ಣಿಗೆ ಮರೆಯಾಗುವ ಆಳವೇ ಕೆರೆಯ ಆರೋಗ್ಯದ ಒಂದು ಅಂಕಿ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಸುಮಾರು ಒಂದೇ ಹೊತ್ತಿಗೆ ಅಳೆದರೆ ಯಾವಾಗ ಪಾಚಿ ಹೆಚ್ಚಿತು, ಮಳೆ ಬಂದಾಗ ಎಷ್ಟು ಮಣ್ಣು ಬಂತು, ಗಣಪತಿ ವಿಸರ್ಜನೆಯ ಮರುದಿನ ಏನಾಯಿತು ಎಲ್ಲ ಕಾಣುತ್ತದೆ. ದೋಣಿ ಅಥವಾ ತೆಪ್ಪದ ಬಾಡಿಗೆ, ಮೀನುಗಾರನ ಒಂದು ದಿನದ ಕೂಲಿ, ಜೀವರಕ್ಷಕ ಜಾಕೆಟ್ಟು, ಇವು ನಿಜವಾದ ಖರ್ಚುಗಳು; ಬಜೆಟ್ಟಿನಲ್ಲಿ ಬರೆಯಿರಿ. ಜಾಕೆಟ್ಟಿನ ವಿಷಯದಲ್ಲಂತೂ ಜಿಪುಣತನ ಬೇಡ. ಕೋಲಾರದ ಕಡೆಯ ಕಾಲೇಜಿನವರಿಗೆ ಈ ಕೆಲಸದಲ್ಲಿ ವಿಶೇಷ ಅವಕಾಶವಿದೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಅದರ ಬಗ್ಗೆ ಪರ-ವಿರೋಧದ ಭಾಷಣ ಬೇಕಾದಷ್ಟಾಗಿದೆ. ಒಂದೇ ಕೆರೆಯನ್ನು ಹತ್ತು ವರ್ಷ ಬಿಡದೆ ಅಳೆದ ವಿದ್ಯಾರ್ಥಿಗಳ ನೋಟ್‌ಬುಕ್ ಇದ್ದರೆ ಆ ಭಾಷಣಗಳೆಲ್ಲ ಚಿಕ್ಕವಾಗುತ್ತವೆ.

ಮೂರನೆಯದು ಕುಡಿಯುವ ನೀರು. ಪಾವಗಡ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಗಟ್ಟಿಶಿಲೆಯ ಆಳದಿಂದ ಕೊಳವೆಬಾವಿ ಎತ್ತುವ ನೀರಿನಲ್ಲಿ ಅದು ಕರಗಿ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಇದನ್ನು ಬಣ್ಣ ಹೋಲಿಸಿ ನೋಡುವ ಕಿಟ್‌ಗಳಿವೆ. ಕಿಟ್ ಕೊಳ್ಳುವ ಮೊದಲು ನಿಮ್ಮ ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಯ ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಮತ್ತು ಕಿಟ್ ಕೊಡುವ ವ್ಯವಸ್ಥೆ ಇದೆ. ಎಷ್ಟೋ ಕಡೆ ಆ ಡಬ್ಬಿ ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ತರಬೇತಿ ಪಡೆದ ಅಕ್ಕಂದಿರನ್ನೇ ಕಾಲೇಜಿಗೆ ಕರೆಸಿ ಮಕ್ಕಳಿಗೆ ಪಾಠ ಮಾಡಿಸಿ, ಅವರಿಗೆ ಗೌರವಧನ ಕೊಡಿ. ಆ ಖರ್ಚು ನೋಡಿ ಯಾವ ಅನುದಾನ ಸಮಿತಿಯೂ ಹುಬ್ಬೇರಿಸುವುದಿಲ್ಲ. ಒಂದು ಎಚ್ಚರಿಕೆ: ಕಿಟ್ ಹೇಳಿದ್ದೇ ವೇದವಾಕ್ಯವಲ್ಲ. ಹೆಚ್ಚು ಬಂದ ಮಾದರಿಗಳನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳದೆ ಊರಲ್ಲಿ ಡಂಗುರ ಹೊಡೆಯಬಾರದು. ಅದರ ಶುಲ್ಕಕ್ಕೂ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ.

ಇನ್ನು ಹಣದ ವಿಳಾಸಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ ನಡೆಸುತ್ತಿದೆ. ಮುಖ್ಯವಾಗಿ ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಕೆಲವು ಸಾವಿರ ರೂಪಾಯಿ, ವರ್ಷದ ಕೊನೆಗೆ ರಾಜ್ಯಮಟ್ಟದ ಪ್ರದರ್ಶನ. ತ್ಯಾಜ್ಯ, ನೀರು, ಇಂಧನದ ಯೋಜನೆಗಳಿಗೆ ಅಲ್ಲಿ ಜಾಗವಿದೆ. ಬಿಎ, ಬಿಕಾಂ, ಬಿಎಸ್ಸಿಯವರಿಗೆ ಇಂಥ ಬಾಗಿಲು ಕಡಿಮೆ, ಇದು ನನ್ನ ಹಳೆಯ ತಕರಾರು. ಅವರ ಕೈಗೆಟಕುವುದು ಎನ್ನೆಸ್ಸೆಸ್. ಏಳು ದಿನದ ವಿಶೇಷ ಶಿಬಿರಕ್ಕೆ ಹೇಗೂ ಹಣ ಬರುತ್ತದೆ. ದೇವಸ್ಥಾನದ ಮುಂದಿನ ರಸ್ತೆ ಗುಡಿಸುವ ಜೊತೆಗೆ ಆ ಊರಿನ ಬಾವಿಗಳ ಗಣತಿಯನ್ನೂ ಮಾಡಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ 2013ರ ಕಂಪನಿ ಕಾಯ್ದೆಯಿಂದ ಬಂದದ್ದು, ಪರಿಸರವೂ ಅದರ ಪಟ್ಟಿಯಲ್ಲಿದೆ. ಆದರೆ 2021ರ ಏಪ್ರಿಲ್‌ನಿಂದ, ಕಂಪನಿಯ ಪರವಾಗಿ ಕೆಲಸ ಮಾಡುವ ಟ್ರಸ್ಟು, ಸೊಸೈಟಿಗಳು ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ವಿದೇಶದಿಂದ ಬರುವ ಅನುದಾನವಂತೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದ ಸಂಸ್ಥೆ ಮುಟ್ಟಲೇಬಾರದ್ದು. ಯಾರೋ ಪರಿಚಯದವರು ಡಾಲರಿನಲ್ಲಿ ಕಳಿಸುತ್ತಾರೆಂದು ಪ್ರಿನ್ಸಿಪಾಲರ ಖಾತೆ ಸಂಖ್ಯೆ ಕೊಟ್ಟುಬಿಡಬೇಡಿ.

ಬಹಳ ಕಾಲೇಜುಗಳು ಗಮನಿಸದ ಹಣವೊಂದು ಅವರ ಜೇಬಿನಲ್ಲೇ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕಾಗಿ ‘ಹಸಿರು ಆಡಿಟ್’, ‘ಇಂಧನ ಆಡಿಟ್’ ವರದಿಗಳು ಬೇಕು. ಇದಕ್ಕೆಂದೇ ಏಜೆನ್ಸಿಗಳು ಹುಟ್ಟಿಕೊಂಡಿವೆ. ಅವರು ಒಂದು ದಿನ ಬಂದು, ಟ್ಯೂಬ್‌ಲೈಟು ಎಣಿಸಿ, ಮರಗಳ ಫೋಟೊ ಹೊಡೆದು, ಸಾವಿರಾರು ರೂಪಾಯಿ ಬಿಲ್ ಮಾಡಿ, ಬಣ್ಣದ ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಹೊರಗಿನವರ ಸಹಿ ಬೇಕಿದ್ದರೆ ಇರಲಿ. ಎಣಿಸುವ, ಅಳೆಯುವ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಪರಿಶೀಲನೆಗಷ್ಟೇ ಹೊರಗಿನವರಿಗೆ ಕೊಡಿ. ವಿದ್ಯುತ್ ಬಿಲ್ಲು, ನೀರಿನ ಟ್ಯಾಂಕರ್ ಲೆಕ್ಕ, ಕಸದ ತೂಕ, ಆವರಣದ ಮರಗಳ ಸುತ್ತಳತೆ ಇವೆಲ್ಲ ಪರಿಸರ ಪಠ್ಯದ ಕ್ಷೇತ್ರಕಾರ್ಯಕ್ಕೆ ಅಚ್ಚುಕಟ್ಟಾಗಿ ಒಗ್ಗುವಂಥವು.

ಜೇಬಿನ ಹಣಕ್ಕೆ ಇನ್ನೊಂದು ದಾರಿಯೂ ಇದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 2007ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ, ಸೆಮಿಸ್ಟರಿಗೆ ತಲಾ 5 ಡಾಲರ್ ತಮ್ಮ ಮೇಲೆ ತಾವೇ ಹೇರಿಕೊಂಡು ಒಂದು ಹಸಿರು ನಿಧಿ ಮಾಡಿಕೊಂಡರು. ಕ್ಯಾಂಪಸ್ಸಿನ ಪರಿಸರ ಯೋಜನೆಗಳಿಗೆ ಅದರಿಂದ ಅನುದಾನ ಹೋಗುತ್ತದೆ. ನಮ್ಮ ಕಾಲೇಜಿನ ಶುಲ್ಕದ ರಸೀದಿ ತೆಗೆದು ನೋಡಿ: ಕ್ರೀಡೆ, ವಾಚನಾಲಯ, ರೆಡ್‌ಕ್ರಾಸ್, ಸಾಂಸ್ಕೃತಿಕ ಚಟುವಟಿಕೆ, ವಿದ್ಯಾರ್ಥಿ ಕ್ಷೇಮನಿಧಿ. ಅಲ್ಲಿ ತಲಾ ಹತ್ತು ರೂಪಾಯಿಯ ಒಂದು ಸಾಲು ಸೇರಿದರೆ ಎರಡು ಸಾವಿರ ಮಕ್ಕಳ ಕಾಲೇಜಿನಲ್ಲಿ ವರ್ಷಕ್ಕೆ 20,000 ರೂಪಾಯಿ ನಿಲ್ಲುತ್ತದೆ. ಅರ್ಜಿಯ ಗೊಡವೆಯೇ ಇಲ್ಲ. ಆದರೆ ಇದೇ ನೆಪದಲ್ಲಿ ಒಟ್ಟು ಶುಲ್ಕ ಹೆಚ್ಚಿಸುವ ಮಾತಿಗೆ ನನ್ನ ವಿರೋಧವಿದೆ. ಬಡ ಮಕ್ಕಳ ಕಾಲೇಜಿನಲ್ಲಂತೂ ಹೊಸ ಸಾಲು ಬೇಡ, ಸಾಂಸ್ಕೃತಿಕ ಚಟುವಟಿಕೆಯ ಬಾಬ್ತಿನಲ್ಲೇ ಒಂದು ಪಾಲು ಬಿಟ್ಟುಕೊಟ್ಟರೆ ಸಾಕು.

ಅರ್ಜಿ ಓದುವ ಸಮಿತಿಗಳಲ್ಲಿ ಆಗಾಗ ಕುಳಿತವನಾಗಿ ಒಳಗಿನ ಮಾತೊಂದು ಹೇಳುತ್ತೇನೆ. ಓದುವವರ ಮುಂದೆ ರಾಶಿ ಇರುತ್ತದೆ, ಸಂಜೆಯೊಳಗೆ ಮುಗಿಸಬೇಕಿರುತ್ತದೆ. ಓಝೋನ್ ಪದರದಿಂದ ಶುರುವಾದ ಅರ್ಜಿಯನ್ನು ಯಾರೂ ಎರಡನೆಯ ಪುಟಕ್ಕೆ ತಿರುಗಿಸುವುದಿಲ್ಲ. ‘ನಮ್ಮ ಕಾಲೇಜಿನ ಹಿಂದಿನ ಹಳ್ಳದ ನೀರು ಸಂತೆಯ ಮರುದಿನ ಏಕೆ ನೊರೆಗಟ್ಟುತ್ತದೆ?’ ಎಂದು ಶುರುವಾದರೆ ಕೈ ನಿಲ್ಲುತ್ತದೆ. ಸಮಿತಿ ಹುಡುಕುವುದು ಉತ್ತರ ಸಿಗಬಹುದಾದ ಒಂದು ಪ್ರಶ್ನೆ, ಹೆಸರಿರುವ ಒಂದು ಜಾಗ, ಪರೀಕ್ಷೆಯ ತಿಂಗಳಲ್ಲಿ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು, ಸಿಕ್ಕ ಫಲಿತಾಂಶವನ್ನು ಯಾರ ಮುಂದೆ ಇಡುತ್ತೀರಿ ಎಂಬ ಮಾತು. ಲ್ಯಾಪ್‌ಟಾಪು, ಪ್ರೊಜೆಕ್ಟರು ಕಂಡರೆ ಪೆನ್ನು ತಾನಾಗಿ ಅಡ್ಡಗೆರೆ ಎಳೆಯುತ್ತದೆ. ಬಸ್ ಚಾರ್ಜು, ಮಕ್ಕಳ ಮಧ್ಯಾಹ್ನದ ಊಟ ಕಂಡರೆ ಇವರು ನಿಜಕ್ಕೂ ಹೋಗುವವರು ಎಂಬ ನಂಬಿಕೆ ಬರುತ್ತದೆ.

ಮಂಜೂರಾದ ಮೇಲಿನದೇ ನಿಜವಾದ ಪರೀಕ್ಷೆ. ಕೇಂದ್ರದ ಹಣವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ನಮೂನೆ 12-ಎ ಪ್ರಕಾರ ಬಳಕೆ ಪ್ರಮಾಣಪತ್ರ (ಎಲ್ಲರೂ ಯುಸಿ ಎನ್ನುವುದು ಇದನ್ನೇ) ಕೊಡಬೇಕು. ಹಣಕಾಸು ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಕೊಡದಿದ್ದರೆ ಮುಂದಿನ ಕಂತು ಇಲ್ಲ, ಕಾಲೇಜಿನ ಹೆಸರಿಗೂ ಕಪ್ಪುಚುಕ್ಕೆ. ಇದನ್ನು ತಪ್ಪೆನ್ನಲಾರೆ, ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ನನ್ನ ಆಕ್ಷೇಪ ಎರಡು. ಇಪ್ಪತ್ತು ಸಾವಿರಕ್ಕೂ ಇಪ್ಪತ್ತು ಲಕ್ಷಕ್ಕೂ ಒಂದೇ ಕಾಗದದ ಕಟ್ಟು ಕೇಳುವುದು ಸರಿಯಲ್ಲ. ತೆಪ್ಪದ ಮೀನುಗಾರನಿಂದ ಜಿಎಸ್‌ಟಿ ಬಿಲ್ ಎಲ್ಲಿಂದ ತರುವುದು? ಸಣ್ಣ ಮೊತ್ತಕ್ಕೆ ಸಹಿ ಮಾಡಿದ ವೋಚರ್ ಸಾಕಾಗಬೇಕು. ಇನ್ನೊಂದು, ಹಣದ ಕಾಲ. ನಮ್ಮಲ್ಲಿ ಆದೇಶ ಬರುವುದು ಜನವರಿ-ಫೆಬ್ರುವರಿಯಲ್ಲಿ, ಖರ್ಚು ಮುಗಿಯಬೇಕಾದದ್ದು ಮಾರ್ಚ್ 31ಕ್ಕೆ. ಬಾವಿಯ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ, ಮಳೆ ಮುಗಿದು ನವೆಂಬರ್‌ನಲ್ಲಿ ಅಳೆದರೆ ಅರ್ಥ. ಕೇಂದ್ರ ಅಂತರ್ಜಲ ಮಂಡಳಿಯೂ ಹಾಗೇ ಅಳೆಯುವುದು. ಮಾರ್ಚ್ ತಿಂಗಳ ಇಪ್ಪತ್ತು ದಿನದಲ್ಲಿ ಮುಗಿಸಬಹುದಾದ್ದು ಒಂದೇ: ವಿಚಾರ ಸಂಕಿರಣ. ಹಾರ-ಶಾಲಿನ ಸಂಸ್ಕೃತಿಗೆ ಅಧ್ಯಾಪಕರ ಸೋಮಾರಿತನಕ್ಕಿಂತ ಖಜಾನೆಯ ಕ್ಯಾಲೆಂಡರಿನ ಕಾಣಿಕೆಯೇ ದೊಡ್ಡದೆಂದು ನನ್ನ ಅನುಮಾನ. ಕೆಲವು ಕಡೆಯಂತೂ ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಡಿ ಎನ್ನುತ್ತಾರೆ. ತಿಂಗಳುಗಟ್ಟಲೆ ಗೌರವಧನ ಬಾರದ ಅತಿಥಿ ಉಪನ್ಯಾಸಕಿ ತನ್ನ ಜೇಬಿನಿಂದ ಹಾಕಿ ಕಾಯಬೇಕಾದ ಈ ಪದ್ಧತಿ ಸಣ್ಣ ಅನುದಾನಗಳ ಮಟ್ಟಿಗಾದರೂ ನಿಲ್ಲಬೇಕು.

ಅಳೆದದ್ದನ್ನು ಹೇಳುವಾಗ ಜಗಳವೂ ಆಗಬಹುದು. ಹಳ್ಳದ ನೊರೆಗೆ ಕಾರಣ ಊರಿನ ಪ್ರಮುಖರ ಡೈಯಿಂಗ್ ಘಟಕವಾಗಿದ್ದರೆ ಪ್ರಿನ್ಸಿಪಾಲರಿಗೆ ಫೋನ್ ಬರುತ್ತದೆ. ಅದಕ್ಕೇ ವರದಿಯಲ್ಲಿ ಆರೋಪ ಬೇಡ, ಅಂಕಿ ಇರಲಿ: ಯಾವ ದಿನ, ಯಾವ ಜಾಗ, ಎಷ್ಟು. ವರದಿ ಕನ್ನಡದಲ್ಲಿರಲಿ, ನಾಲ್ಕು ಪುಟ ಮೀರದಿರಲಿ, ಗ್ರಾಮಸಭೆಯಲ್ಲಿ ವಿದ್ಯಾರ್ಥಿಯೇ ಎದ್ದು ನಿಂತು ಓದಲಿ.

ಈಗ ಹಿರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಕಾಲೇಜಿನ ಬೆಳ್ಳಿಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಸ್ವಾಗತ ಕಮಾನು ಕಟ್ಟಿಸುವ ಯೋಚನೆ ನಡೆದಿದ್ದರೆ, ಆ ಹಣದಲ್ಲಿ 15,000 ರೂಪಾಯಿ ಬೇರೆ ತೆಗೆದಿಡಿ. ಪರಿಸರ ಪಾಠ ಮಾಡುವ ಅಧ್ಯಾಪಕರು ಯಾರೆಂದು ಕೇಳಿ, ಜೂನ್ ತಿಂಗಳಲ್ಲೇ ಅವರ ಕೈಗೆ ಮುಂಗಡವಾಗಿ ಕೊಡಿ. ಷರತ್ತು ಎರಡೇ ಇರಲಿ: ಒಂದು ಪುಟದ ಖರ್ಚಿನ ಲೆಕ್ಕ, ನಾಲ್ಕು ಪುಟದ ವರದಿ. ಸಮಾರಂಭ ಬೇಡವೆಂದು ಮೊದಲೇ ಹೇಳಿಬಿಡಿ.